ಬೆಳ್ಳಂದೂರು ಕೆರೆಯಲ್ಲಿ ಇಳಿದದ್ದು ಹಡಗೋ ವಿಮಾನವೋ?

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಹಡಗಿನ ಅಪಘಾತದ ಬಗ್ಗೆ ಬರೆಯುತ್ತಿದ್ದೇನೆ ಅಂದರೆ ನಿಮಗೆ ನಗು ಬರಬಹುದು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್, ನಡುವೆ ಘಟ್ಟ ಬೇರೆ. ಆದರೆ ಒಂದು ವಿಷಯ ನೋಡಿ. ಶಿವಾಜಿನಗರದಿಂದ ನಡೆದುಕೊಂಡೇ ಹೋಗಬಹುದಾದಷ್ಟು ದೂರದಲ್ಲಿ, ಹಳಬರು ಇನ್ನೂ ಅಠಾರಾ ಕಚೇರಿ ಅಂತಲೇ ಕರೆಯುವ ಕೆಂಪು ಕಟ್ಟಡದಲ್ಲಿ ನಮ್ಮ ಹೈಕೋರ್ಟ್ ಇದೆಯಲ್ಲ, ಅದಕ್ಕೆ ಹಡಗನ್ನು ಹಿಡಿದು ನಿಲ್ಲಿಸುವ ಅಧಿಕಾರ ಇದೆ! 2017ರ ಅಡ್ಮಿರಾಲ್ಟಿ ಕಾಯ್ದೆ ಅದನ್ನು ಕೊಟ್ಟಿತು, 2018ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪಣಂಬೂರಿನ ಬಂದರಿನಲ್ಲಿ ನಿಂತ ಹಡಗೊಂದು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಹಾನಿ ಮಾಡಿದ್ದರೆ, ಆ ಹಡಗು ಲಂಗರು ಎತ್ತಿ ಹೋಗದಂತೆ ಕಬ್ಬನ್ ಪಾರ್ಕಿನ ಪಕ್ಕದಿಂದ ಆದೇಶ ಹೊರಡಬಹುದು.

ಇದಕ್ಕೂ ಮುಂಚೆ ಈ ವಿಷಯದಲ್ಲಿ ನಮ್ಮ ದೇಶದಲ್ಲಿ ನಡೆಯುತ್ತಿದ್ದದ್ದು 1840, 1861 ಮತ್ತು 1890ರ ಇಂಗ್ಲಿಷ್ ಕಾಯ್ದೆಗಳು. ಅವುಗಳ ಲೆಕ್ಕದಲ್ಲಿ ಕಡಲಿನ ನ್ಯಾಯಾಲಯ ಅಂದರೆ ಕಲ್ಕತ್ತ, ಬೊಂಬಾಯಿ, ಮದರಾಸು ಮಾತ್ರ. ಕಂಪನಿ ಸರ್ಕಾರದ ಕಾಲದಿಂದ ಬಂದ ಮೂರು ದೊಡ್ಡ ಬಂದರುಗಳು. ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು, ಉತ್ತರ ಕನ್ನಡ 1862ರಿಂದ ಬೊಂಬಾಯಿಗೆ ಸೇರಿತ್ತು. ಹಾಗಾಗಿ ಮಂಗಳೂರಿನ ಹಡಗು ಒಂದು ಕಡೆಗೆ ನೋಡಬೇಕಿತ್ತು, ಕಾರವಾರದ ಹಡಗು ಇನ್ನೊಂದು ಕಡೆಗೆ. ಮೈಸೂರು ಸಂಸ್ಥಾನಕ್ಕಂತೂ ಕಡಲೇ ಇರಲಿಲ್ಲ, ಕೇಳುವ ಪ್ರಶ್ನೆಯೇ ಇಲ್ಲ.

ಇರಲಿ. ಈ ಕಾನೂನಿನ ಒಳಗೆ ಹೋದರೆ ಬಾಗಿಲಲ್ಲೇ ಎರಡು ಪ್ರಶ್ನೆಗಳು ತಡೆಯುತ್ತವೆ. ನೌಕೆ ಅಂದರೆ ಯಾವುದು? ಅಪಘಾತ ಅಂದರೆ ಯಾವುದು? ಕೇಳಲಿಕ್ಕೆ ಮಕ್ಕಳ ಪ್ರಶ್ನೆ ಹಾಗಿವೆ. ಆದರೆ ಯಾರು ಯಾರಿಗೆ ವರದಿ ಕೊಡಬೇಕು, ಯಾರು ತನಿಖೆ ಮಾಡಬೇಕು, ಯಾರು ದುಡ್ಡು ಕೊಡಬೇಕು ಅನ್ನುವುದೆಲ್ಲ ನಿಂತಿರುವುದು ಇವುಗಳ ಉತ್ತರದ ಮೇಲೆ. ಸತ್ತವರ ಮನೆಯವರಿಗೆ "ಯಾಕೆ ಹೀಗಾಯಿತು" ಅಂತ ಗೊತ್ತಾಗುತ್ತದೋ ಇಲ್ಲವೋ ಅನ್ನುವುದೂ ಅಷ್ಟೇ. ಉತ್ತರ ಹುಡುಕಲು ನೇರವಾಗಿ ಕರಾವಳಿಗೆ ಹೋಗುವುದು ಬೇಡ. ಮೊದಲು ನಮ್ಮ ಪೂರ್ವ ಬೆಂಗಳೂರಿನ ಎರಡು ಕೆರೆಗಳನ್ನೇ ನೋಡೋಣ.

ಹಾರುವ ದೋಣಿ

ವಾಲ್‌ಚಂದ್ ಹೀರಾಚಂದ್ ಅವರ ಹೆಸರು ಕೇಳಿರುತ್ತೀರಿ. ಬೆಂಗಳೂರಿನವರಿಗೆ ಅವರು ಎಚ್‌ಎಎಲ್ ಶುರು ಮಾಡಿದವರು. 1940ರ ಡಿಸೆಂಬರ್‌ನಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಮೈಸೂರು ಸರ್ಕಾರವನ್ನು ಜೊತೆಗೆ ಸೇರಿಸಿಕೊಂಡು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಆದರೆ ವಾಲ್‌ಚಂದ್ ಮೂಲತಃ ಹಡಗಿನ ಮನುಷ್ಯ. 1919ರಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಕಟ್ಟಿದವರಲ್ಲಿ ಮುಖ್ಯರು. ಆ ಕಂಪನಿಯ 'ಲಾಯಲ್ಟಿ' ಹಡಗು 1919ರ ಏಪ್ರಿಲ್ 5ರಂದು ಬೊಂಬಾಯಿಯಿಂದ ಲಂಡನ್ನಿಗೆ ಹೊರಟ ದಿನವನ್ನೇ ಇವತ್ತಿಗೂ ನಮ್ಮ ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸುತ್ತಾರೆ. ಹಡಗು, ವಿಮಾನ ಎರಡನ್ನೂ ನಮ್ಮವರೇ ಕಟ್ಟಬೇಕು ಅನ್ನುವ ಹಟ ಅವರದು.

ಯುದ್ಧ ಜೋರಾಯಿತು. 1942ರಲ್ಲಿ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, ಅವರ 84ನೇ ಏರ್ ಡಿಪೋ ಆಯಿತು. ಬರ್ಮಾ ಕಡೆಯ ಯುದ್ಧದಲ್ಲಿ ಸವೆದ ವಿಮಾನಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಕೆಲಸ. ಅಲ್ಲಿಗೆ ದುರಸ್ತಿಗೆ ಬಂದ ಮೊದಲನೆಯ ವಿಮಾನವೇ ಕೆಟಲೀನಾ. ಕೆಟಲೀನಾ ಅಂದರೆ ಹಾರುವ ದೋಣಿ. ಹೊಟ್ಟೆಯ ಭಾಗ ದೋಣಿಯ ಆಕಾರ, ಮೇಲೆ ನೂರು ಅಡಿಗೂ ಮಿಕ್ಕಿದ ಉದ್ದದ ರೆಕ್ಕೆ, ಎರಡು ಎಂಜಿನ್. ನೀರಿನ ಮೇಲೆ ಇಳಿಯುತ್ತದೆ, ನೀರಿನಿಂದಲೇ ಏಳುತ್ತದೆ. ಇಳಿಯಲು ನೀರು ಬೇಕಲ್ಲ? ಕಾರ್ಖಾನೆಯ ಪಕ್ಕದಲ್ಲೇ ಇತ್ತು ನೋಡಿ ಬೆಳ್ಳಂದೂರು ಕೆರೆ, ಸುಮಾರು 900 ಎಕರೆ. 2015ರಿಂದೀಚೆಗೆ ನೊರೆಗೂ ಬೆಂಕಿಗೂ ಹೆಸರಾದ ಕೆರೆಯೇ ಅದು. ಆಗ ತಿಳಿನೀರಿನ ಮೇಲೆ ಕೆಟಲೀನಾಗಳು ಇಳಿಯುತ್ತಿದ್ದವು.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಕೆರೆಯ ಮೇಲೆ ತೇಲುತ್ತಾ ಲಂಗರು ಹಾಕಿ ನಿಂತ ಆ ಕೆಟಲೀನಾಗೆ ಮೀನುಗಾರನ ತೆಪ್ಪ ಹೋಗಿ ಬಡಿಯಿತು ಅಂತಿಟ್ಟುಕೊಳ್ಳೋಣ. ಅದು ವಿಮಾನ ಅಪಘಾತವೋ, ನೌಕಾ ಅಪಘಾತವೋ?

ಹೆಚ್ಚು ಕಮ್ಮಿ ಇದೇ ಪ್ರಶ್ನೆ ಅದೇ ಯುದ್ಧದ ನಡುವೆ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದಿತ್ತು! ಪೋಲ್ಪೆನ್ ಶಿಪ್ಪಿಂಗ್ ಕಂಪನಿಯ ಹಡಗೊಂದು ಲಂಗರು ಜಾರಿ ಹೋಗಿ, ನೀರಿನ ಮೇಲೆ ನಿಂತಿದ್ದ ಹಾರುವ ದೋಣಿಯೊಂದಕ್ಕೆ ಬಡಿಯಿತು. ಹಾನಿಯ ದುಡ್ಡು ಹಡಗಿನವರ ತಲೆಗೆ ಬಂತು. ಅವರು ವಿಮಾ ಕಂಪನಿಯನ್ನು ಕೇಳಿದರು. ವಿಮಾ ಪತ್ರದಲ್ಲಿ ಇದ್ದದ್ದು "ಬೇರೆ ಹಡಗು ಅಥವಾ ನೌಕೆಗೆ ಡಿಕ್ಕಿಯಾದರೆ" ಅನ್ನುವ ಅರ್ಥದ ಷರತ್ತು. ಹಾರುವ ದೋಣಿ ನೌಕೆಯೇ ಅಲ್ಲ, ದುಡ್ಡು ಕೊಡುವುದಿಲ್ಲ ಅಂದಿತು ವಿಮಾ ಕಂಪನಿ. 1943ರ ವರದಿ ಸಂಪುಟದಲ್ಲಿ ಅಚ್ಚಾದ ತೀರ್ಪಿನಲ್ಲಿ ನ್ಯಾಯಮೂರ್ತಿ ಅಟ್ಕಿನ್ಸನ್ ಒಪ್ಪಿದ್ದು ವಿಮಾ ಕಂಪನಿಯ ಮಾತನ್ನು. ಅವರ ತರ್ಕ ಸರಳ. ಒಂದು ವಸ್ತು ತೇಲುತ್ತದೆ ಅಂದ ಮಾತ್ರಕ್ಕೆ ಅದು ನೌಕೆ ಆಗುವುದಿಲ್ಲ, ಅದರ ನಿಜವಾದ ಕೆಲಸ ನೀರಿನ ಮೇಲೆ ನಡೆಯಬೇಕು. ಹಾರುವ ದೋಣಿಯ ನಿಜವಾದ ಕೆಲಸ ಹಾರುವುದು. ತೇಲುವುದು ಆ ಕೆಲಸಕ್ಕೆ ಅನುಕೂಲ ಅಷ್ಟೇ.

ಸರಿ, ಹಾಗಾದರೆ ವಿಮಾನ ಅಂತ ಬರೆದು ಮುಗಿಸೋಣವೇ? ಅಷ್ಟು ಸುಲಭವಿಲ್ಲ. 1972ರಲ್ಲಿ ಮಾಡಿ 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಿವೆ, ಸಮುದ್ರದ ಟ್ರಾಫಿಕ್ ರೂಲ್ಸ್ ಅನ್ನಿ. ಅದರ ಮೂರನೆಯ ನಿಯಮ ನೌಕೆಯ ವ್ಯಾಖ್ಯೆ ಹೇಳುವಾಗ ನೀರಿನ ಮೇಲಿಳಿಯುವ ವಿಮಾನವನ್ನೂ ಹೆಸರಿಟ್ಟು ಸೇರಿಸಿಕೊಳ್ಳುತ್ತದೆ! ವಿಮಾ ಪತ್ರದಲ್ಲಿ ನೌಕೆ ಅಲ್ಲದ್ದು ದಾರಿಯ ನಿಯಮದಲ್ಲಿ ನೌಕೆ. ಮೇಲ್ನೋಟಕ್ಕೆ ವಿರೋಧ ಅನ್ನಿಸುತ್ತದೆ, ಆದರೆ ಅಲ್ಲ. ಎದುರಿನಿಂದ ಬರುವ ದೋಣಿಯವನಿಗೆ ನೀರಿನ ಮೇಲೆ ಓಡುತ್ತಿರುವುದಕ್ಕೆ ರೆಕ್ಕೆ ಇದ್ದರೇನು ಬಿಟ್ಟರೇನು, ಬಡಿದರೆ ಮುಳುಗುವವನು ಅವನು. ಹಾಗಾಗಿ ಆ ನಿಯಮ ಯಾರನ್ನೂ ಹೊರಗೆ ಬಿಡಲಿಲ್ಲ. ಕಾನೂನು ಪ್ರತಿ ಸಲವೂ ಕೇಳುವುದು "ಇದು ಏನು" ಅಂತ ಅಲ್ಲ, "ಯಾವ ಕೆಲಸಕ್ಕಾಗಿ ಕೇಳುತ್ತಿದ್ದೀರಿ" ಅಂತ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಂದ ಹಾಗೆ ಆ ನಿಯಮಗಳು ಬೆಳ್ಳಂದೂರಿಗೆ ಅನ್ವಯವಾಗುತ್ತಿರಲಿಲ್ಲ. ಅವು ನಡೆಯುವುದು ಸಮುದ್ರದಲ್ಲಿ, ಮತ್ತು ಸಮುದ್ರಕ್ಕೆ ಸೇರಿಕೊಂಡಿದ್ದು ಹಡಗು ಹೋಗಬಲ್ಲ ನೀರಿನಲ್ಲಿ. ಬೆಳ್ಳಂದೂರಿನ ನೀರು ವರ್ತೂರು ಕೆರೆಗೆ ಹರಿದು, ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡು ದಾಟಿ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ ನಿಜ. ಸಮುದ್ರಕ್ಕೆ ಸಂಬಂಧ ಇದೆ, ಹಡಗು ಮಾತ್ರ ಬರಲಾರದು!

ಹಲಸೂರು ಕೆರೆಯ ಬೋಟು

ಈಗ ಹಲಸೂರಿಗೆ ಬನ್ನಿ. ಕೆಂಪೇಗೌಡರ ವಂಶದವರ ಕಾಲದ್ದು ಅನ್ನುವ ಕೆರೆ, ಸುಮಾರು 50 ಹೆಕ್ಟೇರ್. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ದಂಡು ಬಂದು ಬೀಡು ಬಿಟ್ಟದ್ದು ಇದರ ಆಸುಪಾಸಿನಲ್ಲೇ. 1834ರಲ್ಲಿ ಮದ್ರಾಸ್ ಸ್ಯಾಪರ್‌ಗಳು ಬೆಂಗಳೂರಿಗೆ ಬಂದರು. ಇವತ್ತಿಗೂ ಅವರ ಎಂಇಜಿ ಕೇಂದ್ರ ಕೆರೆಯ ಪಕ್ಕದಲ್ಲೇ ಇದೆ. ಹೊಳೆಗೆ ದೋಣಿ ಸೇತುವೆ ಹಾಕುವುದು ಅವರ ಕಸುಬಿನ ಒಂದು ಭಾಗ. ಊರವರಿಗೆ ಮಾತ್ರ ಹಲಸೂರು ಕೆರೆ ಅಂದರೆ ನೆನಪಾಗುವುದು ಬೋಟಿಂಗ್. ಇಂದಿರಾನಗರ, ಫ್ರೇಜರ್ ಟೌನ್ ಕಡೆಯ ಎಷ್ಟೋ ಮಕ್ಕಳು ಮೊದಲ ಸಲ ದೋಣಿ ಹತ್ತಿದ್ದೇ ಇಲ್ಲಿ. ಕೆ.ಆರ್. ಪುರದಿಂದಲೂ ಬಸ್ಸು ಹತ್ತಿಕೊಂಡು ಬರುತ್ತಿದ್ದರು.

ಹಲಸೂರಿನ ಬೋಟು ನೌಕೆಯೇ? ಇದಕ್ಕೂ ಹಳೆಯ ಇಂಗ್ಲಿಷ್ ತೀರ್ಪೊಂದು ಇದೆ. ಸೌತ್‌ಪೋರ್ಟ್ ಅನ್ನುವ ಊರಿನಲ್ಲಿ ಕಟ್ಟಿಸಿದ ಕೆರೆ, ಅರ್ಧ ಮೈಲಿ ಉದ್ದ, 180 ಗಜ ಅಗಲ. ಅದರಲ್ಲಿ ಜನರನ್ನು ವಿಹಾರಕ್ಕೆ ಕೂರಿಸಿಕೊಂಡು ಸುತ್ತು ಹಾಕುವ ವಿದ್ಯುತ್ ದೋಣಿ. ಪ್ರಯಾಣಿಕರನ್ನು ಸಾಗಿಸುವ ಹಡಗಿಗೆ ಬೇಕಾದ ಸರ್ಟಿಫಿಕೇಟ್ ಇದಕ್ಕೂ ಬೇಕೇ ಅನ್ನುವುದು ವ್ಯಾಜ್ಯ. 1893ರಲ್ಲಿ ನ್ಯಾಯಾಲಯ ಬೇಡ ಅಂದಿತು. ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ತಲುಪುವುದು ಯಾನ. ಹೊರಟ ಕಟ್ಟೆಗೇ ವಾಪಸು ಬಂದು ಇಳಿಯುವುದು ಯಾನವಲ್ಲ, ವಿಹಾರ. ಯಾನಕ್ಕೆ ಬಳಸದ್ದು ನೌಕೆಯಲ್ಲ ಅನ್ನುವುದು ಆ ಯೋಚನೆಯ ತಿರುಳು.

ಸುಮಾರು ನೂರು ವರ್ಷ ಆದ ಮೇಲೆ, 1991ರಲ್ಲಿ, ಇದೇ ಯೋಚನೆ ಗಾಯಗೊಂಡವರೊಬ್ಬರಿಗೆ ವರವಾಯಿತು. ಇಂಗ್ಲೆಂಡಿನ ಜಲಾಶಯವೊಂದರಲ್ಲಿ ಹಾಯಿ ಕಟ್ಟಿದ ಎರಡು ಸಣ್ಣ ದೋಣಿಗಳು ಡಿಕ್ಕಿಯಾದವು. ನೌಕೆಗಳ ಡಿಕ್ಕಿ ಅಂತಾದರೆ ದಾವೆ ಹಾಕಲು ಎರಡೇ ವರ್ಷ ಗಡುವು. ಸಾಮಾನ್ಯ ಗಾಯದ ಪ್ರಕರಣವಾದರೆ ಮೂರು ವರ್ಷ. ದಾವೆ ಹಾಕುವಷ್ಟರಲ್ಲಿ ಎರಡು ವರ್ಷ ಕಳೆದುಹೋಗಿತ್ತು. ಜಲಾಶಯದಲ್ಲಿ ಖುಷಿಗೆ ಸುತ್ತುವ ದೋಣಿ ನೌಕೆಯಲ್ಲ ಅಂತ ನ್ಯಾಯಾಲಯ ಹೇಳಿದ್ದರಿಂದ ದಾವೆ ಉಳಿಯಿತು. ಒಂದು ಪದದ ಅರ್ಥದ ಮೇಲೆ ಒಬ್ಬ ಮನುಷ್ಯನ ಪರಿಹಾರ ನಿಂತಿತ್ತು ಅಂದರೆ ಯೋಚಿಸಿ.

ಅಪಘಾತದ ಪಟ್ಟಿ

ಎರಡನೆಯ ಪ್ರಶ್ನೆಗೆ ಬರೋಣ. ಯಾವುದು ಅಪಘಾತ?

ರಸ್ತೆಯಲ್ಲಿ ಅಪಘಾತ ಅಂದರೆ ನಮಗೆ ಗೊತ್ತು, ಗುದ್ದಿದ ಸದ್ದು ಕೇಳುತ್ತದೆ. ಸಮುದ್ರದಲ್ಲಿ ಸದ್ದೇ ಇಲ್ಲದೆ ಹಡಗು ಕಾಣೆಯಾಗಬಹುದು. ಅದಕ್ಕೇ ಹಡಗಿನ ಕಾನೂನು ಏನಾಯಿತು ಅನ್ನುವುದಕ್ಕಿಂತ ಏನು ಕಳೆದುಹೋಯಿತು ಅಂತ ನೋಡಿ ಪಟ್ಟಿ ಮಾಡಿತು. ಬ್ರಿಟನ್ನಿನ 1894ರ ಮರ್ಚಂಟ್ ಶಿಪ್ಪಿಂಗ್ ಕಾಯ್ದೆಯ ಪಟ್ಟಿಯ ಜಾಡಿನಲ್ಲೇ ಭಾರತದ 1958ರ ಕಾಯ್ದೆಯ 358ನೇ ಕಲಂ ಬಂತು. ಸಾರ ಇಷ್ಟು: ಕರಾವಳಿಯ ಹತ್ತಿರ ಹಡಗು ನಾಶವಾದರೆ, ಸಿಬ್ಬಂದಿ ಅದನ್ನು ತೊರೆದು ಬಂದರೆ, ತಳ ನೆಲಕ್ಕೆ ಹತ್ತಿ ಸಿಕ್ಕಿಕೊಂಡರೆ, ಗಮನಾರ್ಹ ಹಾನಿಯಾದರೆ, ಇನ್ನೊಂದು ಹಡಗಿಗೆ ಅಂಥ ಹಾನಿ ಮಾಡಿದರೆ, ಹಡಗಿಗೆ ಆದ ಅವಘಡದಿಂದ ಜೀವ ಹೋದರೆ ಅದು 'ಶಿಪ್ಪಿಂಗ್ ಕ್ಯಾಶುವಲ್ಟಿ'. ಭಾರತದ ಹಡಗಾದರೆ ಬೇರೆ ಕಡೆ ಆದದ್ದೂ, ಎಲ್ಲಿ ಹೋಯಿತೆಂದೇ ತಿಳಿಯದೆ ಕಾಣೆಯಾದದ್ದೂ ಸೇರುತ್ತದೆ, ಸಾಕ್ಷಿ ಇಲ್ಲಿ ಸಿಗಬೇಕು ಅಷ್ಟೇ. 2025ರಲ್ಲಿ ಸಂಸತ್ತು ಇದರ ಬದಲಿಗೆ ಹೊಸ ಮರ್ಚಂಟ್ ಶಿಪ್ಪಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಆದರೂ ಈ ಹಳೆಯ ಪಟ್ಟಿ ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಉದಾಹರಣೆ ಬೇಕೆಂದರೆ 2022ರ ಜೂನ್ ನೆನಪು ಮಾಡಿಕೊಳ್ಳಿ. ಉಳ್ಳಾಲದ ಹತ್ತಿರ ಬಟಪಾಡಿಯ ಕಡಲಲ್ಲಿ 'ಪ್ರಿನ್ಸೆಸ್ ಮಿರಾಲ್' ಅನ್ನುವ ಹಡಗು ಉಕ್ಕಿನ ಸುರುಳಿ ಹೊತ್ತುಕೊಂಡು ಹೋಗುತ್ತಿದ್ದದ್ದು ನೀರು ನುಗ್ಗಿ ಸಿಕ್ಕಿಕೊಂಡಿತು. ಸಿರಿಯಾದ 15 ಜನ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಇಳಿಸಿಕೊಂಡು ಬಂದರು. ಹಾನಿ ಆಯಿತು, ತಳ ಹತ್ತಿತು, ತೊರೆದರು, ಕೊನೆಗೆ ಹಡಗೂ ಹೋಯಿತು. ಪಟ್ಟಿಯ ನಾಲ್ಕು ಪದಗಳೂ ಒಂದೇ ಹಡಗಿನಲ್ಲಿ ಸಿಗುತ್ತವೆ.

ವಿಮೆಯವರ ಲೆಕ್ಕ ಬೇರೆ. 1963ರ ಮರೈನ್ ಇನ್ಶುರೆನ್ಸ್ ಕಾಯ್ದೆಯಲ್ಲಿ ನಷ್ಟವನ್ನು ಪೂರ್ಣ ನಷ್ಟ, ಭಾಗಶಃ ನಷ್ಟ ಅಂತ ಒಡೆಯುತ್ತಾರೆ. ಪೂರ್ಣ ನಷ್ಟದಲ್ಲೂ ಎರಡು ಬಗೆ. ಹಡಗು ನಿಜವಾಗಿ ಹೋದದ್ದು ಒಂದು. ಹಡಗು ಇದೆ, ಆದರೆ ರಿಪೇರಿ ಮಾಡಿಸುವ ಖರ್ಚು ರಿಪೇರಿಯಾದ ಹಡಗಿನ ಬೆಲೆಯನ್ನೇ ಮೀರುತ್ತದೆ, ಹಾಗಾಗಿ ಹೋದ ಹಾಗೇ ಲೆಕ್ಕ ಅನ್ನುವುದು ಇನ್ನೊಂದು. ಮತ್ತೂ ಒಂದು ಸಾಲಿದೆ. ಹಡಗು ಕಾಣೆಯಾಗಿ, ಸಾಕಷ್ಟು ಕಾಲ ಕಳೆದರೂ ಸುದ್ದಿ ಬರದಿದ್ದರೆ ಪೂರ್ಣ ನಷ್ಟ ಅಂತ ಭಾವಿಸಬಹುದು.

ಮೂರನೆಯ ಪಟ್ಟಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯದು. 2008ರಲ್ಲಿ ಒಪ್ಪಿ 2010ರ ಜನವರಿ 1ರಿಂದ ಜಾರಿಗೆ ತಂದ ತನಿಖಾ ಸಂಹಿತೆ. ಅದರಲ್ಲಿ ಮೆಟ್ಟಿಲುಗಳಿವೆ. ಹಡಗು ಪೂರ್ತಿ ಹೋದರೆ, ಒಂದಾದರೂ ಜೀವ ಹೋದರೆ, ಅಥವಾ ಪರಿಸರಕ್ಕೆ ತೀವ್ರ ಹಾನಿಯಾದರೆ 'ಅತಿ ಗಂಭೀರ ಅಪಘಾತ', ತನಿಖೆ ಕಡ್ಡಾಯ. ಅದಕ್ಕಿಂತ ಕಡಿಮೆಯದು ಬರೀ 'ಅಪಘಾತ'. ಏನೂ ಆಗಲಿಲ್ಲ, ಆದರೆ ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು ಅನ್ನುವಂಥದ್ದು 'ಘಟನೆ'. ಬೇಕೆಂದೇ ಮಾಡಿದ ಹಾನಿ ಈ ಮೂರರಲ್ಲೂ ಇಲ್ಲ, ಅದು ಅಪರಾಧ.

ಈ ಸಂಹಿತೆಯ ಮುಖ್ಯ ಮಾತು ಇನ್ನೊಂದಿದೆ. ತನಿಖೆ ಮಾಡುವುದು ತಪ್ಪು ಯಾರದು ಅಂತ ಹೇಳಲಿಕ್ಕಲ್ಲ, ಮತ್ತೊಮ್ಮೆ ಆಗಬಾರದು ಅನ್ನುವುದಕ್ಕೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬ್ರಿಟನ್ನಿನಲ್ಲಿ ವಿಚಾರಣೆ ನಡೆದದ್ದು ಅದೇ 1894ರ ಕಾಯ್ದೆಯ ಕೆಳಗೆ. ಎಲ್ಲರಿಗೂ ಸಾಕಾಗುವಷ್ಟು ಜೀವರಕ್ಷಕ ದೋಣಿಗಳು, ಹಗಲು ರಾತ್ರಿ ರೇಡಿಯೋ ಕಾವಲು ಇವೆಲ್ಲ ಆ ವಿಚಾರಣೆಗಳ ಫಲ. 1914ರಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಇವತ್ತಿನ ಸೋಲಾಸ್ ಒಪ್ಪಂದ ಅದರ ಮೊಮ್ಮಗ. ಒಂದು ಹಡಗಿನ ಸಾವು ಸಾವಿರ ಹಡಗುಗಳಿಗೆ ಪಾಠವಾಯಿತು, ಯಾಕೆಂದರೆ ಯಾರೋ ಕೂತು ಯಾಕೆ ಅಂತ ಕೇಳಿದರು, ಉತ್ತರವನ್ನು ಅಚ್ಚು ಹಾಕಿಸಿದರು.

ಪಟ್ಟಿಯ ಹೊರಗಿನವರು

ಈಗ ಆ ಸೋಲಾಸ್ ಒಪ್ಪಂದದ ಮೊದಲ ಅಧ್ಯಾಯದ ಮೂರನೆಯ ನಿಯಮ ನೋಡಿ. ಸಾಮಾನ್ಯವಾಗಿ ಒಪ್ಪಂದ ಯಾರಿಗೆ ಅನ್ವಯವಾಗುವುದಿಲ್ಲ ಅನ್ನುವ ಪಟ್ಟಿ ಅದು. ಯುದ್ಧನೌಕೆ. 500 ಟನ್ನಿಗಿಂತ ಸಣ್ಣ ಸರಕು ಹಡಗು. ಯಂತ್ರವಿಲ್ಲದ ಹಡಗು. ಹಳೆಯ ಮಾದರಿಯಲ್ಲಿ ಕಟ್ಟಿದ ಮರದ ಹಡಗು. ವಿಹಾರದ ದೋಣಿ. ಮೀನುಗಾರಿಕಾ ದೋಣಿ. ನಮ್ಮ ಕರಾವಳಿಯಲ್ಲಿ ನಿಂತು ನೋಡಿದರೆ ಕಣ್ಣಿಗೆ ಬೀಳುವುದರಲ್ಲಿ ಮುಕ್ಕಾಲು ಪಾಲು ಈ ಪಟ್ಟಿಯಲ್ಲೇ ಇದೆ! ತನಿಖಾ ಸಂಹಿತೆ ಕಡ್ಡಾಯವಾಗುವುದು ಈ ಒಪ್ಪಂದದ ಮೂಲಕ. ಒಪ್ಪಂದದ ಹೊರಗಿದ್ದವನು ಕಡ್ಡಾಯದಿಂದಲೂ ಹೊರಗೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಬಂಗುಡೆ, ಅಂಜಲ್ ಕೊಳ್ಳುವಾಗ ನಾವು ದರದ ಚೌಕಾಸಿ ಮಾಡುತ್ತೇವೆಯೇ ಹೊರತು ಅದನ್ನು ತಂದ ಬೋಟು ಯಾವ ಕಾನೂನಿನ ಕೆಳಗೆ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಮಲ್ಪೆ, ಮಂಗಳೂರಿನ ಧಕ್ಕೆಗಳಿಂದ ಐಸ್ ತುಂಬಿಕೊಂಡು ರಾತ್ರಿಯಿಡೀ ಘಟ್ಟ ಹತ್ತಿ ಬರುವ ಮೀನು ಅದು.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ 'ಸುವರ್ಣ ತ್ರಿಭುಜ' ಅನ್ನುವ ಬೋಟು ಆಳಸಮುದ್ರಕ್ಕೆ ಹೊರಟಿತು. ಉಡುಪಿ, ಉತ್ತರ ಕನ್ನಡದ 7 ಜನ. ಡಿಸೆಂಬರ್ 15ರ ನಂತರ ಸಂಪರ್ಕವೇ ಇಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ಅವಶೇಷ ಸಿಕ್ಕಿದ್ದು 2019ರ ಮೇ ಆರಂಭದಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ, ನೌಕಾಪಡೆಯ 'ನಿರೀಕ್ಷಕ್' ಹಡಗಿನ ಹುಡುಕಾಟದಿಂದ. ನೌಕಾಪಡೆಯದೇ ಹಡಗೊಂದು ಡಿಕ್ಕಿ ಹೊಡೆದಿರಬೇಕು ಅಂತ ಮೀನುಗಾರರು ಆರೋಪಿಸಿದರು, ನೌಕಾಪಡೆ ಒಪ್ಪಲಿಲ್ಲ. ಯಾರದು ನಿಜ ಅಂತ ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ನಾನು ತೋರಿಸಬೇಕೆಂದಿರುವುದು ಮೇಲಿನ ಪಟ್ಟಿಯನ್ನು. ಮೀನುಗಾರಿಕಾ ದೋಣಿ ಅದರಲ್ಲಿದೆ, ಯುದ್ಧನೌಕೆಯೂ ಅದರಲ್ಲಿದೆ. ಅಂಥ ಪ್ರಶ್ನೆಗೆ ಉತ್ತರ ಹುಡುಕಲೇಬೇಕು ಅನ್ನುವ ಅಂತರರಾಷ್ಟ್ರೀಯ ಕಟ್ಟಳೆ ಎರಡೂ ಕಡೆಯಿಂದ ಹುಟ್ಟುವುದಿಲ್ಲ.

ಇನ್ನೊಂದು ಮಾತು. ಕಾಣೆಯಾದ ಹಡಗನ್ನು ಸಾಕಷ್ಟು ಕಾಲ ಕಳೆದರೆ ನಷ್ಟ ಅಂತ ಭಾವಿಸಬಹುದು ಅಂದೆನಲ್ಲ? ಕಾಣೆಯಾದ ಮನುಷ್ಯನಿಗೆ ನಮ್ಮ ಸಾಕ್ಷ್ಯ ಕಾನೂನು ಇಟ್ಟಿರುವ ಸಾಮಾನ್ಯ ಲೆಕ್ಕ ಏಳು ವರ್ಷ. 1872ರ ಕಾಯ್ದೆಯಲ್ಲಿತ್ತು, ಅದರ ಜಾಗಕ್ಕೆ ಬಂದ 2023ರ ಕಾಯ್ದೆಯಲ್ಲೂ ಇದೆ. ಬೋಟಿನ ಸಾಲದ ಕಂತು ಕಾಯುವುದಿಲ್ಲ, ಮನೆಯಲ್ಲಿ ಒಲೆಯೂ ಕಾಯುವುದಿಲ್ಲ.

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ಆಚೆ, ಕೇರಳದ ಬೇಪೂರಿನಿಂದ ಹೊರಟಿದ್ದ 'ರಬಾಹ್' ಬೋಟಿಗೂ ಸಿಂಗಪುರದ ಬಾವುಟದ 'ಎಪಿಎಲ್ ಲೆ ಹಾವ್ರ್' ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಬದುಕಿದವರು ಇಬ್ಬರು. ಇಲ್ಲಿ ಒಂದು ಕಡೆ ದೊಡ್ಡ ವ್ಯಾಪಾರಿ ಹಡಗು ಇತ್ತು. ಹಾಗಾಗಿ ಹಡಗಿನ ಕಾನೂನಿನ ಬಾಗಿಲು ಆ ಕಡೆಯಿಂದ ತೆರೆದುಕೊಳ್ಳುತ್ತದೆ: ಬಾವುಟದ ದೇಶಕ್ಕೆ ತನಿಖೆಯ ಹೊಣೆ, ದಾವೆಗೆ ಅಡ್ಮಿರಾಲ್ಟಿ ನ್ಯಾಯಾಲಯ. ಅದೇ ಎರಡು ಮೀನುಗಾರಿಕಾ ಬೋಟುಗಳೇ ಪರಸ್ಪರ ಬಡಿದುಕೊಂಡಿದ್ದರೆ? ಸಾಯುವವರು ಅಷ್ಟೇ ಜನ ಇರಬಹುದು, ಬಾಗಿಲು ಮಾತ್ರ ಅಷ್ಟು ಅಗಲವಾಗಿ ತೆರೆಯುವುದಿಲ್ಲ.

ಅದಕ್ಕೂ ಮುಂಚೆ 2019ರ ಜನವರಿ 21ರಂದು ಕಾರವಾರದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಹೋದರು, ಮಕ್ಕಳೂ ಇದ್ದರು. ಅವರು ಹೋದದ್ದು ವಿಹಾರಕ್ಕಲ್ಲ, ಒಂದು ದಡದಿಂದ ಇನ್ನೊಂದು ದಡಕ್ಕೆ. ಸೌತ್‌ಪೋರ್ಟಿನ ಅಳತೆಯಲ್ಲೂ ಅದು ಯಾನವೇ.

ಶಿಕ್ಷೆಗೆ ನೌಕೆ, ಪಾಠಕ್ಕೆ ಅಲ್ಲ

ಹಾಗಾದರೆ ಸಣ್ಣ ದೋಣಿಗೆ ಕಾನೂನೇ ಇಲ್ಲವೇ? ಇದೆ. 1860ರ ಭಾರತೀಯ ದಂಡ ಸಂಹಿತೆಯ 48ನೇ ಕಲಂನಲ್ಲಿ ನೌಕೆ ಅಂದರೆ ಜನರನ್ನೋ ಸಾಮಾನನ್ನೋ ನೀರಿನ ಮೇಲೆ ಸಾಗಿಸಲು ಮಾಡಿದ್ದು ಯಾವುದಾದರೂ ಸರಿ. ಕೆರೆಯೋ ಕಡಲೋ ಅಂತ ಕೇಳುವುದಿಲ್ಲ, ಹುಟ್ಟೋ ಎಂಜಿನ್ನೋ ಅಂತಲೂ ಕೇಳುವುದಿಲ್ಲ. ತುಂಗಭದ್ರೆಯ ಹರಿಗೋಲೂ ನೌಕೆ, ಹಲಸೂರು ಕೆರೆಯ ಬೋಟೂ ನೌಕೆ. ಅಜಾಗರೂಕತೆಯಿಂದ ನಡೆಸಿದರೆ 280ನೇ ಕಲಂ, ಬಾಡಿಗೆಗೆ ಅತಿಯಾಗಿ ಜನ ತುಂಬಿದರೆ 282ನೇ ಕಲಂ. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಅಪರಾಧಗಳು ಉಳಿದಿವೆ.

ಇದಕ್ಕೆ ಪಕ್ಕದಲ್ಲಿ ಹಡಗಿನ ಕಾಯ್ದೆಗಳನ್ನು ಇಟ್ಟು ನೋಡಿ. ಬ್ರಿಟನ್ನಿನ 1894ರ ಕಾಯ್ದೆಯಲ್ಲಿ ಹುಟ್ಟು ಹಾಕಿ ನಡೆಸುವುದು ಹಡಗೇ ಅಲ್ಲ. ನಮ್ಮ 1958ರ ಕಾಯ್ದೆಯಲ್ಲಿ 'ಹಡಗು' ಅನ್ನುವ ಪದದಲ್ಲಿ ಹಾಯಿದೋಣಿ ಸೇರುವುದಿಲ್ಲ. ಒಳನಾಡಿನ ನೀರಿಗೆಂದೇ 1917ರಲ್ಲಿ ಒಂದು ಕಾಯ್ದೆ ಬಂತು. ನದಿ, ಕಾಲುವೆ, ಕೆರೆ ಮೂರನ್ನೂ ಹೆಸರಿಸಿತ್ತು, ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು, ಸರ್ಕಾರ ವಿಚಾರಣಾ ನ್ಯಾಯಾಲಯ ನೇಮಿಸಬಹುದು ಅಂತೆಲ್ಲ ಒಳ್ಳೆಯ ವ್ಯವಸ್ಥೆ ಇತ್ತು. ಆದರೆ ಅದು ಯಂತ್ರದ ದೋಣಿಗೆ ಮಾತ್ರ. ಯಂತ್ರವಿಲ್ಲದ ದೋಣಿಗಳ ಬಗ್ಗೆಯೂ ಒಂದು ಅಧ್ಯಾಯ ಬರಲು 2021ರ ಒಳನಾಡು ನೌಕಾ ಕಾಯ್ದೆಯವರೆಗೆ ಕಾಯಬೇಕಾಯಿತು. ಅಂದರೆ 104 ವರ್ಷ.

ಅಂದರೆ ಏನಾಯಿತು ನೋಡಿ. ದೋಣಿ ನಡೆಸಿದವನನ್ನು ಹಿಡಿದು ಶಿಕ್ಷಿಸಬೇಕಾದಾಗ ಹರಿಗೋಲೂ ನೌಕೆ. ಯಾಕೆ ಮಗುಚಿತು, ಎಷ್ಟು ಜನ ಹಿಡಿಸಬೇಕಿತ್ತು, ಲೈಫ್ ಜಾಕೆಟ್ ಯಾಕೆ ಇರಲಿಲ್ಲ, ಮುಂದೆ ಏನು ಮಾಡಬೇಕು ಅಂತ ತಿಳಿದವರು ಕೂತು ವಿಚಾರಿಸಿ ಬರೆಯಬೇಕಾದಾಗ ಅದು ನೌಕೆಯಲ್ಲ. ಪೊಲೀಸರ ಎಫ್‌ಐಆರ್ ಕೇಳುವುದು ಯಾರು ಮಾಡಿದರು ಅಂತ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಅಂಬಿಗನೋ ತಾಂಡೇಲನೋ ಒಬ್ಬನ ಮೇಲೆ ಕೇಸು ಬಿದ್ದರೆ ಅಲ್ಲಿಗೆ ಪ್ರಶ್ನೆ ಮುಗಿದುಹೋಗುತ್ತದೆ. ಎಷ್ಟೋ ಸಲ ಅವನೂ ನೀರಿನಲ್ಲೇ ಹೋಗಿರುತ್ತಾನೆ. ಮುಂದಿನ ವರ್ಷ ಇನ್ನೊಂದು ಜಾತ್ರೆ, ಇನ್ನೊಂದು ದೋಣಿ.

ಹಾರುವ ದೋಣಿಯ ಕಥೆಯಿಂದ ಕಲಿಯಬೇಕಾದದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ದಾರಿಯ ನಿಯಮ ಮಾಡಿದವರು ಕೆಟಲೀನಾದಂಥದ್ದನ್ನೂ ನೌಕೆ ಅಂದರು, ಯಾಕೆಂದರೆ ಅವರ ಕಣ್ಣು ಇದ್ದದ್ದು ಎದುರಿಗೆ ಬರುವವನ ಜೀವದ ಮೇಲೆ. ವ್ಯಾಖ್ಯೆ ಅನ್ನುವುದು ಕಲ್ಲಿನ ಮೇಲೆ ಕೆತ್ತಿದ ಶಾಸನವಲ್ಲ. ಜೀವ ಉಳಿಸುವುದೇ ಕೆಲಸ ಅಂತಾದರೆ ಅದನ್ನು ಹಿಗ್ಗಿಸಬಹುದು, ಹಿಗ್ಗಿಸಿದ್ದಾರೆ. ನಮ್ಮ ರಾಜ್ಯದಲ್ಲಿ ಕಡಲಿದೆ, ಹೊಳೆಗಳಿವೆ, ಹಿನ್ನೀರಿನ ಜಲಾಶಯಗಳಿವೆ, ಬೋಟಿಂಗ್ ಇಟ್ಟ ಕೆರೆಗಳಿವೆ. ಯಾವ ನೀರಿನಲ್ಲಾದರೂ ದೋಣಿ ಮಗುಚಿ ಒಂದು ಜೀವ ಹೋದರೆ ಅದನ್ನು 'ಅತಿ ಗಂಭೀರ' ಅಂತಲೇ ಬರೆದುಕೊಂಡು, ಕಾರಣ ಹುಡುಕಿ, ವರದಿಯನ್ನು ಕನ್ನಡದಲ್ಲಿ ಎಲ್ಲರೂ ಓದುವ ಹಾಗೆ ಪ್ರಕಟಿಸಬೇಕು. ಇದಕ್ಕೆ ಸಮುದ್ರ ಹತ್ತಿರ ಇರಬೇಕಿಲ್ಲ. ಹಡಗು ಜಪ್ತಿ ಮಾಡುವ ಅಧಿಕಾರ ಘಟ್ಟದ ಮೇಲಿನ ಬೆಂಗಳೂರಿಗೆ ಬಂತಲ್ಲ, ಈ ಕೆಲಸವೂ ಇಲ್ಲಿಂದಲೇ ಆಗಬಹುದು.

ಕೊನೆಗೊಂದು ವಿನಂತಿ. ಬೆಳ್ಳಂದೂರು, ಯಮಲೂರು, ಮಾರತ್‌ಹಳ್ಳಿ ಕಡೆಯ ಹಳಬರ ಮನೆಗಳಲ್ಲಿ ಕೆರೆಗೆ ವಿಮಾನ ಇಳಿಯುತ್ತಿದ್ದುದನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದವರು ಇನ್ನೂ ಇರಬಹುದು. ಅವರು ಅದನ್ನು ಏನಂತ ಕರೆಯುತ್ತಿದ್ದರು, ದೋಣಿ ಅಂತಲೋ ವಿಮಾನ ಅಂತಲೋ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಲಂಡನ್ನಿನ ನ್ಯಾಯಮೂರ್ತಿ ಏನೆಂದರು ಅಂತ ಹೇಳಿದ್ದಾಯಿತು, ಕೆರೆಯ ದಡದವರು ಏನೆಂದರು ಅಂತಲೂ ಬರೆದಿಡೋಣ.